ಹಿಮನದಿಗೆ ಶವಸಂಸ್ಕಾರ, ಸಮುದ್ರಕ್ಕೆ ಪ್ರಲಾಪ: ಸೃಷ್ಟಿಯ ನಷ್ಟದ ಮುಂದೆ ಪ್ರದರ್ಶನ ಕಲೆ

2025ರ ಅಕ್ಟೋಬರ್ 1ರಂದು ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು ಕ್ಯಾಸ್ಟಲ್ ಗಂಡೋಲ್ಫೊದಲ್ಲಿ, ಗ್ರೀನ್‌ಲ್ಯಾಂಡಿನಿಂದ ತಂದಿದ್ದ ಹಿಮದ ದೊಡ್ಡ ಗಡ್ಡೆಯೊಂದರ ಮೇಲೆ ಕೈಯಿರಿಸಿ ಅದನ್ನು ಆಶೀರ್ವದಿಸಿದರು. 'ಲೌದಾತೊ ಸಿ' ಪರಿಪತ್ರಕ್ಕೆ ಹತ್ತು ವರ್ಷ ತುಂಬಿದ ನಿಮಿತ್ತ ನಡೆದ ಸಮ್ಮೇಳನ ಅದು. ಆ ದೃಶ್ಯವನ್ನು ಕಂಡ ಕ್ರೈಸ್ತರಲ್ಲಿ ಕೆಲವರು ಮನಕರಗಿದರು, ಕೆಲವರು ನಕ್ಕರು. ಕರಗಿ ನೀರಾಗುವ ವಸ್ತುವಿಗೆ ಆಶೀರ್ವಾದವೇಕೆ, ಇದು ಆರಾಧನೆಯೋ ನಾಟಕವೋ ಎಂಬುದು ನಕ್ಕವರ ಪ್ರಶ್ನೆ. ಪ್ರಶ್ನೆ ಕೇಳಿದ ಧಾಟಿ ಒರಟಾಗಿದ್ದರೂ ಪ್ರಶ್ನೆ ಮಾತ್ರ ಗಂಭೀರವಾದುದು. ಸೃಷ್ಟಿಯ ನಾಶದ ಮುಂದೆ ನಿಂತಾಗ ಮನುಷ್ಯನ ದೇಹ ಮಾಡಬಹುದಾದ ಸಂಜ್ಞೆ ಯಾವುದು? ಅದನ್ನು ಯಾರ ಮುಂದೆ ಮಾಡಬೇಕು? ಅದು ಸತ್ಯವಾಗುವುದು ಯಾವಾಗ, ಬರಿಯ ತೋರಿಕೆಯಾಗುವುದು ಯಾವಾಗ? ಈ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ಹಿಡಿದು ಮೂರು ಪ್ರಸಂಗಗಳನ್ನು ಪರಿಶೀಲಿಸಲಿದ್ದೇವೆ: ಯುರೋಪಿನ ನಗರಗಳ ಚೌಕಗಳಲ್ಲಿ ಕರಗಿದ ಹಿಮಗಡ್ಡೆಗಳು, ಐಸ್‌ಲ್ಯಾಂಡಿನ ಹಿಮನದಿಯೊಂದಕ್ಕೆ ನಡೆದ ಶವಸಂಸ್ಕಾರ, ಜಪಾನಿನ ಮಿನಾಮಾತದ ಸಂತ್ರಸ್ತರ ಯಾತ್ರಾಗೀತೆ ಮತ್ತು ಅದರ ನಂತರದ ಬೆಳವಣಿಗೆ.

ಪ್ರವಾದಿಗಳ ದೇಹಭಾಷೆ

ಪ್ರದರ್ಶನ ಕಲೆ ಎಂಬ ಮಾತನ್ನು ಇಲ್ಲಿ ನಾವು ನಾಟಕ, ನೃತ್ಯಗಳಿಗಷ್ಟೇ ಸೀಮಿತವಾಗಿ ಬಳಸುತ್ತಿಲ್ಲ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಲಗೊಂಡ ಒಂದು ಕಲಾಪ್ರಕಾರದಲ್ಲಿ ಕಲಾವಿದನ ದೇಹ, ಆತ ಆರಿಸಿಕೊಂಡ ಸ್ಥಳ, ಕಳೆಯುವ ಕಾಲ ಮತ್ತು ನೆರೆದವರ ಉಪಸ್ಥಿತಿ, ಇವೇ ಕೃತಿಯಾಗುತ್ತವೆ. ಇಲ್ಲಿ ನಟನು ಇನ್ನೊಬ್ಬನ ವೇಷ ಧರಿಸಬೇಕಾಗಿಲ್ಲ. ಆತ ನಡೆಯುತ್ತಾನೆ, ಮಲಗುತ್ತಾನೆ, ಒಡೆಯುತ್ತಾನೆ, ಕಾಯುತ್ತಾನೆ. ಮಾಡಿದ್ದು ನಿಜವಾಗಿಯೂ ನಡೆದಿರುತ್ತದೆ.

ಪವಿತ್ರ ಗ್ರಂಥವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಯೆರೆಮೀಯನು ಕುಂಬಾರನಿಂದ ಮಣ್ಣಿನ ಕೂಜೆಯನ್ನು ಕೊಂಡು, ಹಿರಿಯರನ್ನು ಹಿನ್ನೋಮ್ ಕಣಿವೆಗೆ ಕರೆದೊಯ್ದು, ಅವರ ಕಣ್ಣೆದುರಿಗೇ ಅದನ್ನು ಒಡೆದನು (ಯೆರೆಮೀಯ 19). ಯೆಹೆಜ್ಕೇಲನು ಇಟ್ಟಿಗೆಯ ಮೇಲೆ ಜೆರುಸಲೇಮನ್ನು ಚಿತ್ರಿಸಿ, 390 ದಿನ ಎಡಮಗ್ಗುಲಿಗೂ 40 ದಿನ ಬಲಮಗ್ಗುಲಿಗೂ ಮಲಗಬೇಕಾಯಿತು (ಯೆಹೆಜ್ಕೇಲ 4). ಯೆಶಾಯನು ಮೂರು ವರ್ಷ ಬರಿಮೈಯಲ್ಲಿ, ಬರಿಗಾಲಿನಲ್ಲಿ ತಿರುಗಿದನು (ಯೆಶಾಯ 20). ಬೈಬಲ್ ಪಂಡಿತರು ಇವನ್ನು ಸಾಂಕೇತಿಕ ಕ್ರಿಯೆಗಳೆಂದು ಕರೆಯುತ್ತಾರೆ.

ಈ ಕ್ರಿಯೆಗಳಿಂದ ಮೂರು ಲಕ್ಷಣಗಳನ್ನು ನಾವು ಗುರುತಿಸಬಹುದು. ಮೊದಲನೆಯದಾಗಿ, ಪ್ರವಾದಿ ನಷ್ಟವನ್ನು ಹೆಸರಿಸುತ್ತಾನೆ: ಒಡೆದದ್ದು ಇಂಥ ನಗರ, ಇಂಥ ಜನ. ಎರಡನೆಯದಾಗಿ, ಅಪರಾಧವನ್ನು ಹೆಸರಿಸುತ್ತಾನೆ: ಹಿನ್ನೋಮ್ ಕಣಿವೆಯನ್ನು ಆರಿಸಿದ್ದು ಆಕಸ್ಮಿಕವಲ್ಲ, ನಿರಪರಾಧಿಗಳ ರಕ್ತ ಚೆಲ್ಲಿದ ಜಾಗ ಅದು. ಮೂರನೆಯದಾಗಿ, ಆ ಕ್ರಿಯೆಗೆ ಕೇಳುವವನೊಬ್ಬನಿದ್ದಾನೆ. ನೋಡುವವರು ಜನರಾದರೂ ಮಾತು ಸರ್ವೇಶ್ವರನಿಂದ ಹೊರಟು ಸರ್ವೇಶ್ವರನಿಗೇ ಮರಳುತ್ತದೆ. ನಷ್ಟ, ಅಪರಾಧ, ಕೇಳುವವನು: ಈ ಮೂರನ್ನೂ ಒಟ್ಟಿಗೆ ಹಿಡಿದಿಡುವ ಮಾತಿಗೇ ಬೈಬಲಿನ ಪರಂಪರೆಯಲ್ಲಿ ಪ್ರಲಾಪವೆಂದು ಹೆಸರು. ಅದು ಮನುಷ್ಯರಿಗಷ್ಟೇ ಮೀಸಲಲ್ಲ. ಯೆರೆಮೀಯನು ಬೆಟ್ಟಗಳಿಗಾಗಿಯೂ ಸುಟ್ಟುಹೋದ ಹುಲ್ಲುಗಾವಲುಗಳಿಗಾಗಿಯೂ ಅಳುತ್ತಾನೆ. ಅದೇ ಅಧ್ಯಾಯದಲ್ಲಿ, ರೋದಿಸುವ ವಿದ್ಯೆ ಬಲ್ಲ ಸ್ತ್ರೀಯರನ್ನು ಕರೆಸಿ, ಅವರು ತಮ್ಮ ಹೆಣ್ಣುಮಕ್ಕಳಿಗೆ ಅದನ್ನು ಕಲಿಸಲಿ ಎನ್ನುತ್ತಾನೆ (ಯೆರೆಮೀಯ 9). ಅಳುವುದು ಸಹಜವೆಂದು ನಾವು ತಿಳಿಯುತ್ತೇವೆ. ಪ್ರವಾದಿಯ ದೃಷ್ಟಿಯಲ್ಲಿ ಅದು ಕಲಿಯಬೇಕಾದ ವಿದ್ಯೆ.

ಕರಗುವ ಗಡಿಯಾರ

ಡೆನ್ಮಾರ್ಕಿನಲ್ಲಿ ಹುಟ್ಟಿದ, ಐಸ್‌ಲ್ಯಾಂಡ್ ಮೂಲದ ಕಲಾವಿದ ಓಲಾಫರ್ ಎಲಿಯಾಸನ್ ಮತ್ತು ಗ್ರೀನ್‌ಲ್ಯಾಂಡಿನ ಭೂವಿಜ್ಞಾನಿ ಮಿನಿಕ್ ರೋಸಿಂಗ್ ಸೇರಿ 2014ರಲ್ಲಿ ಕೋಪನ್‌ಹೇಗನ್ನಿನ ನಗರಸಭೆಯ ಚೌಕದಲ್ಲಿ 'ಐಸ್ ವಾಚ್' ಎಂಬ ಕೃತಿಯನ್ನು ಪ್ರಸ್ತುತಪಡಿಸಿದರು. ಗ್ರೀನ್‌ಲ್ಯಾಂಡಿನ ನೂಕ್ ಬಳಿಯ ಕೊಲ್ಲಿಯಲ್ಲಿ ತೇಲುತ್ತಿದ್ದ ಹಿಮಗಡ್ಡೆಗಳನ್ನು ತಂದು, ಅವುಗಳಲ್ಲಿ 12ನ್ನು ಗಡಿಯಾರದ ಅಂಕಿಗಳಂತೆ ವೃತ್ತಾಕಾರವಾಗಿ ಇರಿಸಲಾಗಿತ್ತು. 2015ರ ಡಿಸೆಂಬರಿನಲ್ಲಿ, ಹವಾಮಾನ ಶೃಂಗಸಭೆ ನಡೆಯುತ್ತಿದ್ದ ಪ್ಯಾರಿಸ್ಸಿನಲ್ಲಿ, ಪಾಂಥೆಯಾನ್ ಎದುರಿನ ಚೌಕದಲ್ಲಿ ಇದು ಮತ್ತೆ ನಡೆಯಿತು. 2018ರ ಡಿಸೆಂಬರಿನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಕಲಾಲಯದ ಮುಂದೆ 24 ಗಡ್ಡೆಗಳು ಕರಗಿದವು. ಇದನ್ನು ಸ್ಥಾಪನಾ ಕಲೆ ಎಂದು ವರ್ಗೀಕರಿಸುವುದುಂಟು. ಆದರೆ ಕರಗುವಿಕೆಯೇ ಇದರ ಕ್ರಿಯೆ. ಗಡ್ಡೆಗೆ ಕಿವಿಯಿಟ್ಟು ಸಾವಿರಾರು ವರ್ಷಗಳ ಗಾಳಿಗುಳ್ಳೆಗಳು ಒಡೆಯುವ ಸದ್ದನ್ನು ಆಲಿಸುವ, ಅಂಗೈಯಿಂದ ಅದನ್ನು ಸವರುವ ದಾರಿಹೋಕರೇ ಇದರ ಪಾತ್ರಧಾರಿಗಳು.

ಕೃತಿಯ ಬಲವೂ ದೌರ್ಬಲ್ಯವೂ ಈ ಸ್ಪರ್ಶದಲ್ಲೇ ಇವೆ. ಅಂಕಿಅಂಶಗಳಲ್ಲಿ ಕಳೆದುಹೋಗಿದ್ದ ದೂರದ ನಷ್ಟವನ್ನು ಅದು ಕೈಗೆಟಕುವಂತೆ ಮಾಡಿತು. ಅವತಾರದ ಧರ್ಮದಲ್ಲಿ ಬಾಳುವ ನಾವು ಸ್ಪರ್ಶವನ್ನು ಕೀಳಾಗಿ ಕಾಣಲಾರೆವು. ಮುಟ್ಟಿ ನೋಡಿದ ಮೇಲೆಯೇ ತೋಮನ ನಾಲಗೆ ಸಡಿಲಿತೆಂದು ಕ್ರೈಸ್ತ ಚಿತ್ರಕಾರರು ಶತಮಾನಗಳಿಂದ ಚಿತ್ರಿಸುತ್ತ ಬಂದಿದ್ದಾರೆ. ಆದರೆ ತೋಮನ ಬೆರಳು ಅರಸಿದ್ದು ಗಾಯವನ್ನು. ಇಲ್ಲಿ ಬೆರಳಿಗೆ ಸಿಕ್ಕಿದ್ದು ಸೌಂದರ್ಯ. ನೀಲಿ ಹೊಳಪಿನ ಆ ಗಡ್ಡೆಗಳ ಬಳಿ ಮಕ್ಕಳು ಆಡಿದರು, ಜನ ಚಿತ್ರ ತೆಗೆಸಿಕೊಂಡರು. ಹಿಮವನ್ನು ಸಾಗಿಸಲು ಆದ ಇಂಗಾಲ ವ್ಯಯವನ್ನು ಲೆಕ್ಕಹಾಕಿಸಿ ಕಲಾವಿದರು ಬಹಿರಂಗಪಡಿಸಿದ್ದು ಪ್ರಾಮಾಣಿಕತೆಯೇ ಸರಿ. ಆದರೂ ಲೆಕ್ಕ ಒಪ್ಪಿಸುವುದು ಬೇರೆ, ಪಾಪನಿವೇದನೆ ಬೇರೆ. ನಮ್ಮ ಮೂರು ಲಕ್ಷಣಗಳಲ್ಲಿ ಇಲ್ಲಿ ಪೂರ್ಣವಾಗಿ ಒದಗಿರುವುದು ಮೊದಲನೆಯದು ಮಾತ್ರ. ನಷ್ಟ ಕಣ್ಣಿಗೆ ಬಿತ್ತು, ಕರೆಯಬೇಕಾದವರ ಹೆಸರು ಕೇಳಿಬರಲಿಲ್ಲ.

ಮರಣಪತ್ರ ಪಡೆದ ಹಿಮನದಿ

ಐಸ್‌ಲ್ಯಾಂಡಿನ ಓಕ್ ಪರ್ವತದ ಮೇಲಿದ್ದ ಓಕ್ಯೋಕುಲ್ ಹಿಮನದಿ, ತನ್ನ ತೂಕದಿಂದಲೇ ಚಲಿಸುವಷ್ಟು ದಪ್ಪವನ್ನು ಕಳೆದುಕೊಂಡು, 2014ರಲ್ಲಿ ಹಿಮನದಿಯೆಂಬ ಅರ್ಹತೆಯನ್ನೇ ಕಳೆದುಕೊಂಡಿತು. ಹಾಗೆಂದು ನಿರ್ಣಯಿಸಿದವರು ಹಿಮನದಿ ತಜ್ಞ ಓಡುರ್ ಸಿಗುರ್ದ್‌ಸನ್. ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞರಾದ ಸಿಮೀನ್ ಹೌ ಮತ್ತು ಡೊಮಿನಿಕ್ ಬೋಯರ್ ಅವರ ಪ್ರೇರಣೆಯಿಂದ 2019ರ ಆಗಸ್ಟ್ 18ರಂದು ಸುಮಾರು ನೂರು ಜನ ಬೆಟ್ಟವೇರಿ ಅದಕ್ಕೆ ವಿದಾಯ ಹೇಳಿದರು. ದೇಶದ ಪ್ರಧಾನಿ ಕತ್ರಿನ್ ಯಾಕಬ್ಸ್‌ದೋತಿರ್ ಅವರೂ ಐರ್ಲೆಂಡಿನ ಮಾಜಿ ರಾಷ್ಟ್ರಾಧ್ಯಕ್ಷೆ ಮೇರಿ ರಾಬಿನ್‌ಸನ್ ಅವರೂ ಪಾಲ್ಗೊಂಡಿದ್ದರು. ಸಿಗುರ್ದ್‌ಸನ್ ಅವರು ಹಿಮನದಿಯ ಮರಣಪತ್ರವನ್ನು ತಂದಿದ್ದರು. ಲೇಖಕ ಆಂದ್ರಿ ಸ್ನೈರ್ ಮಾಗ್ನಸನ್ ಬರೆದ ಫಲಕವನ್ನು ಬಂಡೆಗೆ ಜಡಿಯಲಾಯಿತು. ಅದು ಮುಂದಿನ ಪೀಳಿಗೆಗೆ ಬರೆದ ಪತ್ರ. ಆಗುತ್ತಿರುವುದೇನು, ಮಾಡಬೇಕಾದುದೇನು ಎಂಬುದು ನಮಗೆ ತಿಳಿದಿದೆ, ಮಾಡಿದೆವೋ ಇಲ್ಲವೋ ಎಂಬುದು ನಿಮಗಷ್ಟೇ ಗೊತ್ತು ಎಂಬುದು ಅದರ ತಾತ್ಪರ್ಯ. ಕೆಳಗೆ ಆ ವರ್ಷ ವಾತಾವರಣದಲ್ಲಿದ್ದ ಇಂಗಾಲದ ಡೈಆಕ್ಸೈಡಿನ ಪ್ರಮಾಣ, ದಶಲಕ್ಷಕ್ಕೆ 415 ಅಂಶ, ಕೆತ್ತಲ್ಪಟ್ಟಿದೆ. ಮರುತಿಂಗಳು, ಸೆಪ್ಟೆಂಬರ್ 22ರಂದು, ಸ್ವಿಟ್ಜರ್ಲೆಂಡಿನ ಪಿಜೋಲ್ ಹಿಮನದಿಗೂ ಇಂಥದೇ ವಿದಾಯ ನಡೆಯಿತು. ಅಲ್ಲಿ ಕಪ್ಪು ಉಡುಪು ತೊಟ್ಟವರ ನಡುವೆ ಕ್ರೈಸ್ತ ಗುರುಗಳೊಬ್ಬರೂ ನಿಂತು ಮಾತನಾಡಿದರು.

ಹಿಮನದಿಗೆ ಶವಸಂಸ್ಕಾರ ಸಲ್ಲುವುದೇ? ಧರ್ಮಸಭೆ ಮೃತರಿಗೆ ಶವಸಂಸ್ಕಾರ ನಡೆಸುವುದು ದೇಹದ ಪುನರುತ್ಥಾನದ ನಿರೀಕ್ಷೆಯಿಂದ. ಆ ವಾಗ್ದಾನ ಮನುಷ್ಯ ವ್ಯಕ್ತಿಗೆ ಸಂಬಂಧಿಸಿದ್ದು. ಅದನ್ನು ಅಳತೆಯಿಲ್ಲದೆ ಹಿಗ್ಗಿಸಿದರೆ ಮನುಷ್ಯನ ಸಾವೂ ಹಿಮದ ಕರಗುವಿಕೆಯೂ ಒಂದೇ ಎಂಬಂತಾಗಿ, ಎರಡರ ಸತ್ಯವೂ ಮಸುಕಾಗುತ್ತದೆ. ಆದ್ದರಿಂದ ಆ ವಿಧಿಯನ್ನು ಹಾಗೆಯೇ ಎರವಲು ಕೊಡಲು ನಾವು ಹಿಂಜರಿಯುತ್ತೇವೆ. ಆದರೆ ಶವಸಂಸ್ಕಾರ ಸಲ್ಲದೆಂದ ಮಾತ್ರಕ್ಕೆ ದುಃಖವೂ ಸಲ್ಲದೆಂದಾಗುವುದಿಲ್ಲ. ಸೃಷ್ಟಿಯೆಲ್ಲವೂ ಪ್ರಸವವೇದನೆಯಲ್ಲಿ ನರಳುತ್ತಿದೆಯೆಂದು ಬರೆದ ಸಂತ ಪೌಲನು (ರೋಮ 8) ಆ ನರಳಿಕೆಗೆ ಕಿವಿಗೊಡುವ ಕರ್ತವ್ಯವನ್ನೂ ನಮಗೆ ವಹಿಸಿದ್ದಾನೆ. ಓಕ್ ಬೆಟ್ಟದ ಮೇಲೆ ನಡೆದದ್ದರಲ್ಲಿ ಪ್ರಲಾಪಕ್ಕಾಗಿ ಹಂಬಲಿಸುವ ಮನಸ್ಸಿತ್ತು. ಕೈಗೆ ಸಿಕ್ಕಿದ ರೂಪ ಶವಸಂಸ್ಕಾರದ್ದಾಯಿತು. ಪ್ರಲಾಪದ ರೂಪವನ್ನು ಲೋಕಕ್ಕೆ ಕಲಿಸಬೇಕಾದವರು ಅದನ್ನು ಕಲಿಸಿದ್ದರೆ ಹೀಗಾಗುತ್ತಿತ್ತೇ ಎಂಬುದು ನಮ್ಮನ್ನು ಕಾಡಬೇಕಾದ ಪ್ರಶ್ನೆ.

ಫಲಕದ ಕುರಿತು ಇನ್ನೊಂದು ಮಾತು. ತಪ್ಪನ್ನು ಅರಿತೇ ಮಾಡುತ್ತಿದ್ದೇವೆಂದು ಒಪ್ಪಿಕೊಳ್ಳುವುದರಿಂದ ಅದು ಹಿಮಗಡ್ಡೆಗಳ ಗಡಿಯಾರಕ್ಕಿಂತ ಮುಂದೆ ಹೋಗುತ್ತದೆ. ಆದರೆ ತೀರ್ಪನ್ನು ಅದು ಒಪ್ಪಿಸಿರುವುದು ಹುಟ್ಟಲಿರುವವರಿಗೆ. ಅವರು ನಮ್ಮನ್ನು ಖಂಡಿಸಬಲ್ಲರು. ನಮ್ಮ ಕೈಯಿಂದ ನೊಂದು ಸತ್ತವರ ಪರವಾಗಿ ಕ್ಷಮಿಸಬಲ್ಲರೇ? ಕ್ಷಮಿಸುವವನಿಲ್ಲದ ನ್ಯಾಯಸ್ಥಾನದ ಮುಂದೆ ಒಪ್ಪಿಗೆ ನಿರಾಶೆಗಿಳಿಯುತ್ತದೆ, ಇಲ್ಲವೇ ಬಾಯುಪಚಾರವಾಗುತ್ತದೆ. ಅಲ್ಲದೆ ಫಲಕದ 'ನಾವು' ತೀರ ವಿಶಾಲವಾದುದು. ಬೆಚ್ಚನೆಯ ಮನೆಯಲ್ಲಿದ್ದು ಇಂಧನ ಸುಟ್ಟವನನ್ನೂ, ಸಮುದ್ರ ಉಕ್ಕಿ ಗುಡಿಸಲು ಕಳೆದುಕೊಂಡವನನ್ನೂ ಅದು ಒಂದೇ ಸರ್ವನಾಮದೊಳಗೆ ಸೇರಿಸಿಬಿಡುತ್ತದೆ. ಎಲ್ಲರೂ ಅಪರಾಧಿಗಳೆಂದ ಮೇಲೆ ಯಾರೂ ಎದ್ದು ನಿಲ್ಲಬೇಕಾಗಿಲ್ಲ.

ಬಿಳಿಯುಡುಗೆಯ ಷೇರುದಾರರು

ಮಿನಾಮಾತದ ಕಥೆ ಇದಕ್ಕಿಂತ ಹಳೆಯದು, ಇದಕ್ಕಿಂತ ಕಠೋರವಾದುದು. ಜಪಾನಿನ ಕ್ಯೂಷು ದ್ವೀಪದ ಈ ಊರಿನಲ್ಲಿ ಚಿಸ್ಸೊ ಕಂಪನಿಯ ರಾಸಾಯನಿಕ ಕಾರ್ಖಾನೆ 1932ರಿಂದ 1968ರವರೆಗೆ ಪಾದರಸದ ಸಂಯುಕ್ತಗಳಿದ್ದ ತ್ಯಾಜ್ಯವನ್ನು ಸಮುದ್ರಕ್ಕೆ ಬಿಟ್ಟಿತು. ವಿಷ ಮೀನಿಗೇರಿತು, ಮೀನಿನಿಂದ ಬೆಕ್ಕುಗಳಿಗೆ, ಬೆಸ್ತರಿಗೆ, ಗರ್ಭದಲ್ಲಿದ್ದ ಶಿಶುಗಳಿಗೆ ಇಳಿಯಿತು. 1956ರ ಮೇ 1ರಂದು ರೋಗ ಅಧಿಕೃತವಾಗಿ ದಾಖಲಾಯಿತು. ಕಾರಣ ಕಾರ್ಖಾನೆಯೇ ಎಂದು ಸರ್ಕಾರ ಒಪ್ಪಿದ್ದು 1968ರಲ್ಲಿ.

1970ರ ನವೆಂಬರ್ 28ರಂದು ಒಸಾಕಾದಲ್ಲಿ ಕಂಪನಿಯ ಷೇರುದಾರರ ಸಭೆ ನಡೆಯಿತು. ಸಂತ್ರಸ್ತರೂ ಅವರ ಬೆಂಬಲಿಗರೂ ತಲಾ ಒಂದು ಷೇರು ಕೊಂಡು, ಬೌದ್ಧ ಯಾತ್ರಿಕರ ಬಿಳಿಯುಡುಗೆ ತೊಟ್ಟು, ಗಂಟೆಯ ನಾದದೊಂದಿಗೆ ಯಾತ್ರಾಗೀತೆಗಳನ್ನು ಹಾಡುತ್ತ ಸಭೆಯನ್ನು ಪ್ರವೇಶಿಸಿದರು. ಹೊರಗೆ, ಹಗೆಯ ಅಳಲನ್ನು ಸೂಚಿಸುವ ಒಂದೇ ಅಕ್ಷರ ಬರೆದ ಕಪ್ಪು ಬಾವುಟಗಳು. ಸತ್ತವರ ಸ್ಮರಣಫಲಕಗಳನ್ನು ಕೈಯಲ್ಲಿ ಹಿಡಿದ ಬಂಧುಗಳು ಕಂಪನಿಯ ಅಧ್ಯಕ್ಷರನ್ನು ಮುಖಾಮುಖಿ ಪ್ರಶ್ನಿಸಿದರು. ನೊರಿಯಾಕಿ ತ್ಸುಚಿಮೊತೊ ಅವರ 1971ರ ಸಾಕ್ಷ್ಯಚಿತ್ರದಲ್ಲಿ ಈ ದೃಶ್ಯ ಉಳಿದಿದೆ. ಅವರಲ್ಲಿ ಯಾರೂ ತಮ್ಮನ್ನು ಕಲಾವಿದರೆಂದು ಕರೆದುಕೊಳ್ಳಲಿಲ್ಲ. ಆದರೆ ಸ್ಥಳದ ಆಯ್ಕೆ, ಉಡುಪು, ದನಿ, ದೇಹ, ಇವೆಲ್ಲವೂ ಕೂಡಿ ಅಲ್ಲಿ ನಡೆದದ್ದು ಹಿನ್ನೋಮ್ ಕಣಿವೆಯ ಕೂಜೆಗೆ ತೀರ ಹತ್ತಿರವಾದ ಕ್ರಿಯೆ. ಲಾಭಾಂಶ ಹಂಚುವ ಸಭೆಗೆ ಸತ್ತವರು ಬಂದರು. ನಷ್ಟಕ್ಕೆ ಹೆಸರಿತ್ತು, ಅಪರಾಧಕ್ಕೆ ವಿಳಾಸವಿತ್ತು, ಹಾಡಿಗೆ ಕೇಳುವವರಿದ್ದರು. ಕರುಣೆಯ ಬೋಧಿಸತ್ವರೂ ಮೃತರೂ ಆ ಗೀತೆಯನ್ನು ಆಲಿಸುವರೆಂಬುದು ಹಾಡಿದವರ ಪರಂಪರೆಯ ನಂಬಿಕೆ. ಹೋಶೇಯನು ನಾಡಿನಲ್ಲಿ ಸತ್ಯವೂ ದೈವಜ್ಞಾನವೂ ಇಲ್ಲವಾದಾಗ ಭೂಮಿ ಗೋಳಾಡುವುದೆಂದೂ ಸಮುದ್ರದ ಮೀನುಗಳೂ ಇಲ್ಲವಾಗುವುವೆಂದೂ ಸಾರಿದ್ದನು (ಹೋಶೇಯ 4). ಆ ಅಧ್ಯಾಯಕ್ಕೆ ನಮ್ಮ ಕಾಲದಲ್ಲಿ ಬರೆದ ಅತ್ಯಂತ ನಿಷ್ಠುರ ಭಾಷ್ಯವನ್ನು ಬೌದ್ಧ ಬೆಸ್ತರು ತಮ್ಮ ದೇಹದಿಂದ ಬರೆದರು.

'ಚಿಸ್ಸೊ ನಾನೇ ಆಗಿದ್ದೆ'

ಮಿನಾಮಾತ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ನಮ್ಮ ವಿಮರ್ಶೆಗೆ ಮುಖ್ಯ. ಬೆಸ್ತ ಒಗಾತ ಮಾಸಾತೊ ಆರು ವರ್ಷದ ಬಾಲಕನಾಗಿದ್ದಾಗ ತಂದೆ ಈ ರೋಗದಿಂದ ಸತ್ತರು. ಬೆಳೆದ ಮೇಲೆ ಆತ ಹೋರಾಟದ ಮುಂಚೂಣಿಯಲ್ಲಿದ್ದರು. 1985ರಲ್ಲಿ ಅವರು ರೋಗಿಯೆಂಬ ಮಾನ್ಯತೆಗಾಗಿ ಸಲ್ಲಿಸಿದ್ದ ಅರ್ಜಿಯನ್ನು ತಾವೇ ಹಿಂತೆಗೆದುಕೊಂಡರು. ಹಣ, ಪ್ರಮಾಣಪತ್ರ, ನಿಯಮಾವಳಿಗಳ ಜಾಲದಲ್ಲಿ ಮನುಷ್ಯನಿಗೆ ಮನುಷ್ಯ ಉತ್ತರಿಸುವುದೇ ನಿಂತುಹೋಗಿದೆ ಎಂಬುದು ಅವರ ಕಾಣ್ಕೆ. ಪ್ಲಾಸ್ಟಿಕ್ಕು, ಯಂತ್ರ, ಸೌಕರ್ಯಗಳ ಅದೇ ನಾಗರಿಕತೆಯಲ್ಲಿ ತಾವೂ ಬದುಕುತ್ತಿರುವುದನ್ನು ಕಂಡ ಅವರು, ಚಿಸ್ಸೊ ನಾನೇ ಆಗಿದ್ದೆ ಎಂಬ ಅರ್ಥದ ಶೀರ್ಷಿಕೆಯಲ್ಲಿ ಪುಸ್ತಕವನ್ನೇ ಬರೆದರು.

ಈ ಮಾತನ್ನು ಓಕ್ ಫಲಕದ 'ನಾವು' ಎಂಬುದರ ಜೊತೆಗಿಟ್ಟು ತೂಗಬೇಕು. ಎರಡೂ ತಪ್ಪನ್ನು ಹಂಚಿಕೊಳ್ಳುವಂತೆ ಕಾಣುತ್ತವೆ. ಆದರೆ ಒಗಾತ ಆ ಮಾತನ್ನು ಆಡಿದ್ದು ಕಂಪನಿಯ ಗೇಟಿನ ಮುಂದೆ ಕುಳಿತು ಅದರ ಹೆಸರು ಹಿಡಿದು ಕರೆದ ಮೇಲೆ. ಅದೂ ತಂದೆಯನ್ನು ಕಳೆದುಕೊಂಡ ಮಗನ ಬಾಯಿಂದ. ಅದು ಕಂಪನಿಗೆ ಕೊಟ್ಟ ಬಿಡುಗಡೆಯಲ್ಲ. ನಾತಾನನು ದಾವೀದನ ಕಡೆಗೆ ಬೆರಳು ತೋರಿದ ಪ್ರಸಂಗವನ್ನು ನಾವೆಲ್ಲ ಬಲ್ಲೆವು (2 ಸಮುವೇಲ 12). ಇಲ್ಲಿ ನೊಂದವನು ಅದೇ ಬೆರಳನ್ನು ಸ್ವಇಚ್ಛೆಯಿಂದ ತನ್ನೆಡೆಗೂ ತಿರುಗಿಸಿದ್ದಾನೆ. ಇದೇ ಮಾತನ್ನು ಕಂಪನಿಯ ಅಧಿಕಾರಿಯೊಬ್ಬ ಸಂತ್ರಸ್ತರಿಗೆ ಹೇಳಿದ್ದರೆ, ಅಥವಾ ಗುರುವೊಬ್ಬರು ಪೀಠದಿಂದ ಬೋಧಿಸಿದ್ದರೆ ಅದು ಕ್ರೌರ್ಯವಾಗುತ್ತಿತ್ತು. ಯಾವ ನಾಲಗೆ ಆಡಿತೆಂಬುದರ ಮೇಲೆ ಮಾತಿನ ಸತ್ಯ ನಿಲ್ಲುತ್ತದೆ.

ಒಗಾತ, ಲೇಖಕಿ ಇಶಿಮುರೆ ಮಿಚಿಕೊ ಮೊದಲಾದವರು 1990ರ ದಶಕದಲ್ಲಿ ಸೇರಿ, ಪಾದರಸದ ಕೆಸರನ್ನೂ ವಿಷಮೀನುಗಳನ್ನೂ ಹೂತು ಸಮುದ್ರವನ್ನು ಮುಚ್ಚಿ ಮಾಡಿದ 58 ಹೆಕ್ಟೇರ್ ನೆಲದ ಮೇಲೆ ಸಣ್ಣ ಸಣ್ಣ ಕಲ್ಲಿನ ಮೂರ್ತಿಗಳನ್ನು ಕೆತ್ತಿ ನಿಲ್ಲಿಸತೊಡಗಿದರು. 2004ರ ಆಗಸ್ಟ್ 28ರಂದು ಅದೇ ನೆಲದ ಮೇಲೆ, ತೆರೆದ ಆಗಸದಡಿ, ಇಶಿಮುರೆ ಬರೆದ 'ಶಿರನುಯಿ' ಎಂಬ ನೋ ನಾಟಕ ನಡೆಯಿತು. ಸಮುದ್ರರಾಜನ ಮಗಳೂ ಮಗನೂ ನೆಲಜಲಗಳ ವಿಷವನ್ನು ತಮ್ಮ ದೇಹಕ್ಕೆ ತೆಗೆದುಕೊಂಡು ಪ್ರಾಣಬಿಡುವುದು ಅದರ ವಸ್ತು. ಕೊನೆಯಲ್ಲಿ, ಮಿನಾಮಾತದಲ್ಲಿ ನರಳಿ ಸತ್ತ ಬೆಕ್ಕುಗಳೂ ಕುಣಿಯಲು ಕರೆಯಲ್ಪಡುತ್ತವೆ. ಪರರ ವಿಷವನ್ನು ಹೊತ್ತು ಸಾಯುವ ಆಕೃತಿಯನ್ನು ಕಂಡೊಡನೆ ಯೆಶಾಯನ ನೊಂದ ದಾಸನು ನಮ್ಮ ನೆನಪಿಗೆ ಬರುವುದು ಸಹಜ. ಆದರೆ ಇದನ್ನು ಮರೆಮಾಚಿದ ಕ್ರೈಸ್ತ ಕಥೆಯೆಂದು ವಶಪಡಿಸಿಕೊಳ್ಳಲು ನಾವು ಆತುರಪಡಬಾರದು. ಶಿರನುಯಿ ಆ ಸಮುದ್ರದ ಮಗಳು, ಆ ಜನರ ಮೃತರ ಸೋದರಿ. ಅವಳ ಮುಂದೆ ನಾವು ಕಲಿಯಬೇಕಾದುದು ಒಂದಿದೆ: ಪ್ರಲಾಪ ಮುಗಿಯದೆ ಕುಣಿತ ಬಾರದು. 1956ರಿಂದ 2004ರವರೆಗಿನ 48 ವರ್ಷಗಳನ್ನು ಯಾವ ಸಾಂತ್ವನದ ಮಾತೂ ಜಿಗಿದು ದಾಟಲಾರದು.

ನಮ್ಮ ಬಲಿಪೀಠದ ಮುಂದೆ

ಈಗ ನಮ್ಮ ಮನೆಯ ಕಡೆ ತಿರುಗೋಣ. 2019ರ ಅಮೆಜಾನ್ ಸಿನೋಡಿನ ಅಂತಿಮ ದಸ್ತಾವೇಜು ಪರಿಸರ ಪಾಪ ಎಂಬ ಪರಿಕಲ್ಪನೆಯನ್ನು ಸ್ಪಷ್ಟವಾಗಿ ಮುಂದಿಟ್ಟಿತು. 2025ರಲ್ಲಿ ಸೃಷ್ಟಿಯ ಪಾಲನೆಗಾಗಿ ವಿಶೇಷ ಬಲಿಪೂಜಾವಿಧಿ ರೋಮನ್ ಪೂಜಾಗ್ರಂಥಕ್ಕೆ ಸೇರಿತು. ಅದರ ವಾಚನಗಳಲ್ಲಿ ಜ್ಞಾನಗ್ರಂಥದ 13ನೆಯ ಅಧ್ಯಾಯವೂ ಕೊಲೊಸ್ಸೆಯರಿಗೆ ಬರೆದ ಪತ್ರದ ಕ್ರಿಸ್ತಸ್ತುತಿಯೂ ಇವೆ. ಸ್ತುತಿ, ಕೃತಜ್ಞತೆ, ಧ್ಯಾನ, ಇವು ಅದರ ಪ್ರಧಾನ ಸ್ವರ. ಇದು ಬಹುಕಾಲದಿಂದ ಬೇಕಾಗಿದ್ದ ವರ. ಆದರೆ ಪಾಪಕ್ಕೆ ಹೆಸರು ಸಿಕ್ಕಿದ್ದರೂ ಆ ಪಾಪದ ಮುಂದೆ ಅಳುವ ವಿಧಿ ನಮ್ಮ ಕೈಯಲ್ಲಿ ಇನ್ನೂ ಬಡವಾಗಿಯೇ ಇದೆ.

ನಮ್ಮ ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ, ಮನೆಗೊಯ್ದು, ಹೊಸಕ್ಕಿ ಬೆರೆಸಿ ಉಣ್ಣುತ್ತಾರೆ. ನೆಲವನ್ನೂ ಬಲಿಪೀಠವನ್ನೂ ಬೆಸೆಯುವ ಇಷ್ಟು ಸುಂದರವಾದ ವಿಧಿ ಅಪರೂಪ. ಆದರೆ ಗದ್ದೆ ಇದ್ದಲ್ಲಿ ಕಟ್ಟಡಗಳು ಎದ್ದ ಧರ್ಮಕೇಂದ್ರಗಳಲ್ಲಿ ತೆನೆಯನ್ನು ಬೇರೆಡೆಯಿಂದ ತರಿಸಬೇಕಾಗಿದೆ. ತೆನೆಗೆ ವಂದಿಸುವ ವಿಧಿ ನಮ್ಮಲ್ಲಿದೆ. ಗದ್ದೆ ಇಲ್ಲವಾದುದನ್ನು ದೇವರ ಮುಂದೆ ಒಪ್ಪಿಕೊಳ್ಳುವ ಮಾತು ಆ ದಿನ ಎಲ್ಲಿಯೂ ಕೇಳಿಬರುವುದಿಲ್ಲ. ಕೆಲವೆಡೆ ಮಾರಿದವರೂ ಕಟ್ಟಿದವರೂ ಅದೇ ಪೂಜೆಯಲ್ಲಿ ಮುಂದಿನ ಸಾಲಿನಲ್ಲಿರುತ್ತಾರೆ.

ಹೀಗೆಂದು ಗುಡಿಯೊಳಗೆ ಹಿಮಗಡ್ಡೆ ಇರಿಸಬೇಕೆಂದಾಗಲಿ, ಗುರುಗಳು ಕಲಾವಿದರಾಗಬೇಕೆಂದಾಗಲಿ ನಾವು ಸೂಚಿಸುತ್ತಿಲ್ಲ. ದೈವಾರಾಧನೆ ಪ್ರೇಕ್ಷಕರಿಗಾಗಿ ನಡೆಯುವ ಕ್ರಿಯೆಯಲ್ಲ. ಪ್ರೇಕ್ಷಕರನ್ನು ಹುಡುಕತೊಡಗಿದ ದಿನ ಅದು ಕೆಟ್ಟ ಕಲೆಯೂ ಆಗುತ್ತದೆ, ಕೆಟ್ಟ ಆರಾಧನೆಯೂ ಆಗುತ್ತದೆ. ನಾವು ಕೇಳುವುದು ಇರುವ ಸಂಪತ್ತಿನ ಬಳಕೆಯನ್ನಷ್ಟೇ. ಗುಡ್ಡ ಕುಸಿದ ಊರಿನಲ್ಲಿ, ಹೊಳೆ ಸತ್ತ ಊರಿನಲ್ಲಿ, ಸಾಂತ್ವನದ ವಾಚನಕ್ಕೆ ಧಾವಿಸುವ ಮುನ್ನ ಪ್ರಲಾಪದ ಕೀರ್ತನೆಯೊಂದನ್ನು ಪೂರ್ತಿಯಾಗಿ, ಕಹಿ ಸಾಲುಗಳನ್ನು ಬಿಡದೆ ಹಾಡಬಹುದು. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ 'ಪ್ರಕೃತಿ ವಿಕೋಪ' ಎಂಬ ಯಾರನ್ನೂ ನೋಯಿಸದ ಪದದ ಬದಲು ಆದದ್ದೇನು, ಮಾಡಿದ್ದೇನು ಎಂಬುದನ್ನು ಹೆಸರಿಸಬಹುದು. ವಿಭೂತಿ ಬುಧವಾರದ ಬೂದಿಯ ಮುಂದೆ, ಈ ಮಣ್ಣಿಗೆ ನಾವು ಮಾಡಿದ್ದನ್ನು ಆತ್ಮಪರೀಕ್ಷೆಯ ಪ್ರಶ್ನೆಯಾಗಿ ಇರಿಸಬಹುದು. ಗುರುಮಠಗಳಲ್ಲಿ ಪ್ರವಚನ ಕಲೆಯನ್ನು ಕಲಿಸುವಂತೆ ಪ್ರಲಾಪವನ್ನೂ ಕಲಿಸಬಹುದು. ಯೆರೆಮೀಯನು ಕೇಳಿದ್ದೂ ಅದನ್ನೇ.

ಕ್ಯಾಸ್ಟಲ್ ಗಂಡೋಲ್ಫೊದ ಹಿಮಗಡ್ಡೆಗೂ ಪ್ಯಾರಿಸ್ಸಿನ ಗಡ್ಡೆಗಳಿಗೂ ವಸ್ತುವಿನಲ್ಲಿ ಭೇದವಿಲ್ಲ. ಆಶೀರ್ವಾದವೆಂದರೆ ವಸ್ತುವಿಗೆ ಶಕ್ತಿ ತುಂಬುವುದಲ್ಲ, ಅದನ್ನು ಕೊಟ್ಟವನಿಗೆ ವಂದಿಸುವುದು. ಆದುದರಿಂದ ಅದೇ ಸ್ಪರ್ಶ ಅಲ್ಲಿ ಕೇಳುವವನೊಬ್ಬನ ಕಡೆಗೆ ತಿರುಗಿತ್ತು. ನಕ್ಕವರು ಈ ಭೇದವನ್ನು ಕಾಣಲಿಲ್ಲ. ಆದರೆ ಕೊಟ್ಟವನಿಗೆ ವಂದಿಸಿದ ಮೇಲೆ ಕೊಟ್ಟದ್ದನ್ನು ಏನು ಮಾಡಿದಿರೆಂಬ ಪ್ರಶ್ನೆ ಬಂದೇ ಬರುತ್ತದೆ. ಆ ಪ್ರಶ್ನೆಗೆ ಉತ್ತರಿಸಬೇಕಾದ ಸ್ಥಳ ಕಲಾಲಯದ ಅಂಗಳವಲ್ಲ, ನಮ್ಮ ಬಲಿಪೀಠದ ಮೆಟ್ಟಿಲು.